ಅಂಗಡಿಯ ಕ್ಯಾಮೆರಾ, ಬೀದಿಯ ಭದ್ರತೆ: ವ್ಯಾಪಾರಿಗಳ ಪಾಲು ಎಷ್ಟು?

ಬಟ್ಟೆ ವ್ಯಾಪಾರಿ, ಬೆಂಗಳೂರು ರಸ್ತೆ, ಬಳ್ಳಾರಿ

ಕಳೆದ ಶ್ರಾವಣದ ಒಂದು ಸಂಜೆ ನಮ್ಮ ಅಂಗಡಿಯಿಂದ ನಾಲ್ಕನೆಯ ಅಂಗಡಿಯ ಎದುರು, ಮಗಳ ಮದುವೆಗೆ ಸೀರೆ ಕೊಳ್ಳಲು ಹಳ್ಳಿಯಿಂದ ಬಂದಿದ್ದ ಹೆಂಗಸೊಬ್ಬರ ಕೈಚೀಲವನ್ನು ಬೈಕಿನಲ್ಲಿ ಬಂದ ಇಬ್ಬರು ಕಿತ್ತುಕೊಂಡು ಹೋದರು. ಪೊಲೀಸರು ಬರುವವರೆಗೆ ಆಕೆ ನಮ್ಮ ಕಟ್ಟೆಯ ಮೇಲೆ ಕುಳಿತಿದ್ದರು. ಬಣ್ಣ ಹೊಂದಿಸಲೆಂದು ಮನೆಯಿಂದ ತಂದಿದ್ದ ರವಿಕೆಯ ತುಂಡೊಂದು ಅವರ ಮುಷ್ಟಿಯಲ್ಲಿ ಹಾಗೆಯೇ ಇತ್ತು. ನೀರು ಕುಡಿಯುವಾಗಲೂ ಅದನ್ನು ಬಿಡಲಿಲ್ಲ.

ಪೊಲೀಸರು ಬಂದವರೇ ಕ್ಯಾಮೆರಾ ಕೇಳಿದರು. ಆ ಸಾಲಿನ ಹದಿನಾಲ್ಕು ಅಂಗಡಿಗಳ ಪೈಕಿ ಹನ್ನೊಂದರಲ್ಲಿ ಕ್ಯಾಮೆರಾ ಇದೆ. ಏಳು ಕ್ಯಾಮೆರಾಗಳು ಗಲ್ಲಾಪೆಟ್ಟಿಗೆಯನ್ನೂ ಕೆಲಸದ ಹುಡುಗರನ್ನೂ ಬಿಟ್ಟು ಬೇರೇನನ್ನೂ ನೋಡುತ್ತಿರಲಿಲ್ಲ. ಎರಡು ಕೆಟ್ಟು ಎಷ್ಟು ದಿನವಾಗಿತ್ತೆಂದು ಅವುಗಳ ಮಾಲೀಕರಿಗೇ ತಿಳಿದಿರಲಿಲ್ಲ. ಒಂದರ ಪಾಸ್‌ವರ್ಡ್ ಅಳವಡಿಸಿದವನ ಬಳಿ ಇತ್ತು, ಅವನು ಊರಲ್ಲಿರಲಿಲ್ಲ. ಹನ್ನೊಂದನೆಯದು ನನ್ನದು. ಅದರಲ್ಲಿ ಬೈಕಿನ ಹಿಂಭಾಗವೇನೋ ಕಂಡಿತು, ಆದರೆ ನಂಬರ್ ಪ್ಲೇಟ್ ಇರಬೇಕಾದ ಜಾಗದಲ್ಲಿ ಲೆನ್ಸಿಗೆ ಕಟ್ಟಿದ್ದ ಜೇಡರ ಬಲೆ ಬೆಳ್ಳಗೆ ಹೊಳೆಯುತ್ತಿತ್ತು; ಗಡಿಯಾರ ನಲವತ್ಮೂರು ನಿಮಿಷ ಹಿಂದಿತ್ತು. ಐದು ವರ್ಷದಿಂದ ಬಾಗಿಲಿನಲ್ಲಿ 'ನೀವು ಕ್ಯಾಮೆರಾದ ಕಣ್ಗಾವಲಿನಲ್ಲಿದ್ದೀರಿ' ಎಂದು ಫಲಕ ಹಾಕಿಕೊಂಡಿದ್ದವನು ನಾನು, ಅಂದು ತಲೆ ತಗ್ಗಿಸಬೇಕಾಯಿತು.

ಈಗ ನಮ್ಮ ಸಾಲಿನವರೆಲ್ಲ ಹಣ ಹಾಕಿ ಬೀದಿಯನ್ನು ನೋಡುವ ಕ್ಯಾಮೆರಾಗಳನ್ನು ಕೂಡಿಸಬೇಕು, ತಿಂಗಳಿಗೊಮ್ಮೆ ಬಂದು ಹಣ ಪಡೆದು ರಾತ್ರಿ ಸೀಟಿ ಊದಿ ಹೋಗುವ ಗೂರ್ಖಾನ ಬದಲು ಇಬ್ಬರು ಕಾವಲುಗಾರರನ್ನು ನೇಮಿಸಬೇಕು ಎಂಬ ಮಾತು ನಡೆದಿದೆ. ಹಿರಿಯರಿಬ್ಬರು, ತೆರಿಗೆ ಕಟ್ಟುವುದು ನಾವೇ, ಪೊಲೀಸರ ಕೆಲಸವನ್ನೂ ನಾವೇ ಮಾಡಬೇಕೇ ಎಂದು ಕೇಳುತ್ತಿದ್ದಾರೆ. ಅವರ ಪ್ರಶ್ನೆ ಅರ್ಧ ಸರಿ ಎಂದು ನನಗನಿಸುತ್ತದೆ. ಉಳಿದರ್ಧವೆಂದರೆ, ಬೀದಿಯ ಜನದಟ್ಟಣೆಯಿಂದಲೇ ಹೊಟ್ಟೆ ಹೊರೆಯುವ ನಾವು ಆ ದಟ್ಟಣೆಯೊಳಗೆ ನಡೆಯುವ ಅನಾಹುತವನ್ನು ಪೂರ್ತಿ ಪರರ ಪಾಲಿಗೆ ಬಿಡಲಾಗದು. ಎಲ್ಲಿಯವರೆಗೆ ನಮ್ಮ ಕೆಲಸ, ಎಲ್ಲಿಂದ ಸರ್ಕಾರದ ಕೆಲಸ, ತಿಳಿದವರು ಬರೆಯಿರಿ.

ಕ್ಯಾಮೆರಾ ಅಳವಡಿಸುವವನು, ಗಾಂಧಿನಗರ

ಪಾಸ್‌ವರ್ಡ್ ಇಟ್ಟುಕೊಂಡು ಊರು ಬಿಟ್ಟವನು ನಾನಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಆದರೆ ನಮ್ಮ ವೃತ್ತಿಯಲ್ಲಿ ಆ ಅಭ್ಯಾಸ ಇದೆ, ಅಲ್ಲಗಳೆಯುವುದಿಲ್ಲ.

ಗ್ರಾಹಕರು ಬಂದಾಗ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಎಂದು ಕೇಳುತ್ತಾರೆಯೇ ಹೊರತು ಎಷ್ಟು ದಿನದ ದೃಶ್ಯ ಉಳಿಯುತ್ತದೆ ಎಂದು ಕೇಳುವವರು ವಿರಳ. ಲೆಕ್ಕ ಸರಳವಾಗಿದೆ. ಒಂದು ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್‌ನಂತೆ ದಾಖಲಿಸಿದರೆ ದಿನಕ್ಕೆ ಸುಮಾರು 21 ಜಿಬಿ ಆಗುತ್ತದೆ. ಎಂಟು ಕ್ಯಾಮೆರಾಗಳಿಗೆ ದಿನಕ್ಕೆ 170 ಜಿಬಿ ಮೇಲೆ. ಸಾಮಾನ್ಯವಾಗಿ ಕಡಿಮೆ ದರದ ಪ್ಯಾಕೇಜಿನಲ್ಲಿ ಬರುವ 1 ಟಿಬಿ (ಸಾವಿರ ಜಿಬಿ) ಡಿಸ್ಕ್ ಆರು ದಿನ ತುಂಬುವುದರೊಳಗೆ ಹಳೆಯದನ್ನು ಅಳಿಸಿ ಹೊಸದನ್ನು ಬರೆಯಲು ಶುರು ಮಾಡುತ್ತದೆ. ತಿಂಗಳ ಪೂರ್ತಿ ಉಳಿಯಬೇಕಾದರೆ 5 ಟಿಬಿಗೂ ಹೆಚ್ಚು ಬೇಕು, ಅಂದರೆ 6 ಟಿಬಿ ಡಿಸ್ಕನ್ನೇ ಕೊಳ್ಳಬೇಕು. ದೂರು ಕೊಡಲು ಹತ್ತು ದಿನ ತಡವಾದರೆ, ಕ್ಯಾಮೆರಾ ಚೆನ್ನಾಗಿದ್ದರೂ ಆ ದಿನದ ದೃಶ್ಯ ಅಳಿಸಿಹೋಗಿರುತ್ತದೆ.

ಜೇಡದ ವಿಷಯ ನಗುವಂತಹದ್ದಲ್ಲ. ರಾತ್ರಿ ಕ್ಯಾಮೆರಾದ ಬಳಿಗೆ ಹುಳ ಬರುತ್ತವೆ, ಹುಳಕ್ಕೆ ಜೇಡ ಬರುತ್ತದೆ, ಕ್ಯಾಮೆರಾದ ಸುತ್ತ ಉರಿಯುವ ಇನ್‌ಫ್ರಾರೆಡ್ ದೀಪದ (ಕತ್ತಲಲ್ಲಿ ಕ್ಯಾಮೆರಾಗೆ ಕಾಣುವ ಬೆಳಕು) ಬೆಳಕನ್ನೇ ಬಲೆ ಲೆನ್ಸಿಗೆ ತಿರುಗಿಸಿ ಹೊಡೆಯುತ್ತದೆ. ಸಂಡೂರು, ತೋರಣಗಲ್ಲು ಕಡೆಯ ರಸ್ತೆಗಳಲ್ಲಾದರೆ ಬಲೆಗಿಂತ ಮೊದಲು ಅದಿರಿನ ಕೆಂಧೂಳು ಕೂರುತ್ತದೆ. ಒಂದು ಹತ್ತಿಬಟ್ಟೆ, ಒಂದು ಏಣಿ, ತಿಂಗಳಿಗೆ ಹತ್ತು ನಿಮಿಷ ಸಾಕು. ಅಳವಡಿಸಲು ನಲವತ್ತು ಸಾವಿರ ಕೊಟ್ಟವರು ಈ ಹತ್ತು ನಿಮಿಷಕ್ಕೆ ಯಾರನ್ನೂ ಗೊತ್ತುಮಾಡುವುದಿಲ್ಲ.

ನಿವೃತ್ತ ಹೆಡ್ ಕಾನ್‌ಸ್ಟೆಬಲ್

ಇದು ಕೇವಲ ದೊಡ್ಡ ಮನಸ್ಸಿನ ಪ್ರಶ್ನೆಯಲ್ಲ ಎಂಬುದನ್ನು ವ್ಯಾಪಾರಿಗಳು ಗಮನಿಸಬೇಕು. 2017ರ ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕ್ರಮಗಳ ಜಾರಿ ಕಾಯ್ದೆಯ ಪ್ರಕಾರ ಒಂದೇ ಹೊತ್ತಿಗೆ 100 ಮಂದಿ, ಇಲ್ಲವೇ ದಿನಕ್ಕೆ 500 ಮಂದಿ ಸೇರುವಂತಹ ಸ್ಥಳಗಳ ಮಾಲೀಕರು ಕ್ಯಾಮೆರಾ ಅಳವಡಿಸಿ, 30 ದಿನಗಳ ದೃಶ್ಯವನ್ನು ಉಳಿಸಿ, ಪೊಲೀಸರು ಕೇಳಿದಾಗ ಒದಗಿಸಬೇಕು. ದೊಡ್ಡ ಬಟ್ಟೆ ಮಳಿಗೆ, ಆಸ್ಪತ್ರೆ, ಕಲ್ಯಾಣ ಮಂಟಪ, ಚಿತ್ರಮಂದಿರಗಳಿಗೆ ಮೇಲಿನ 6 ಟಿಬಿ ಲೆಕ್ಕ ಆದ್ದರಿಂದ ಕಾನೂನಿನ ಲೆಕ್ಕವೇ ಹೌದು. ಹತ್ತಡಿಯ ಅಂಗಡಿಗೆ ಆ ಕಟ್ಟುಪಾಡು ಅನ್ವಯಿಸದೆ ಇರಬಹುದು, ಆದರೆ ಅಂಥ ಹದಿನಾಲ್ಕು ಅಂಗಡಿ ಸೇರಿದ ಬೀದಿಯಲ್ಲಿ ದಿನಕ್ಕೆ ಐದುನೂರೇನು, ಐದು ಸಾವಿರ ಜನ ಓಡಾಡುತ್ತಾರೆ.

ನನ್ನ ಸೇವೆಯ ಅವಧಿಯಲ್ಲಿ ರಾತ್ರಿ ಬೀಟಿಗೆ ಹೋದಾಗ ಬ್ಯಾಂಕು, ಚಿನ್ನಾಭರಣ ಅಂಗಡಿಗಳಲ್ಲಿಟ್ಟಿರುವ ಬೀಟ್ ಪುಸ್ತಕಕ್ಕೆ ಸಹಿ ಹಾಕಿ ಬರುತ್ತಿದ್ದೆವು. ಆ ಪುಸ್ತಕದಿಂದ ಕಳ್ಳ ಹೆದರುತ್ತಿದ್ದನೋ ಇಲ್ಲವೋ, ಆದರೆ ಮಾಲೀಕರು ನಮ್ಮನ್ನೂ ನಾವು ಮಾಲೀಕರನ್ನೂ ಗುರುತಿಟ್ಟುಕೊಂಡಿದ್ದೆವು. ಯಾವ ಮನೆಯ ಮಹಡಿಗೆ ಹೊಸ ಬಾಡಿಗೆದಾರ ಬಂದ, ಯಾವ ಷಟರಿನ ಬೀಗ ಸಡಿಲ ಎಂಬುದು ಆ ಎರಡು ನಿಮಿಷದ ಮಾತಿನಲ್ಲಿ ತಿಳಿಯುತ್ತಿತ್ತು. ಕ್ಯಾಮೆರಾ ಬಂದ ಮೇಲೆ ಎರಡೂ ಕಡೆಯವರು ಆ ಮಾತನ್ನು ಬಿಟ್ಟರು.

ಇನ್ನೊಂದು ವಿಷಯ. 2024ರ ಅಕ್ಟೋಬರಿನಲ್ಲಿ ದಾವಣಗೆರೆ ಜಿಲ್ಲೆಯ ನ್ಯಾಮತಿಯ ಬ್ಯಾಂಕಿಗೆ ನುಗ್ಗಿದವರು 17 ಕಿಲೋಗೂ ಹೆಚ್ಚು ಅಡವಿನ ಚಿನ್ನದ ಜತೆಗೆ ಕ್ಯಾಮೆರಾದ ದೃಶ್ಯ ದಾಖಲಿಸುವ ಡಿವಿಆರ್ ಪೆಟ್ಟಿಗೆಯನ್ನೂ ಹೊತ್ತೊಯ್ದರು. ಪ್ರಕರಣ ಬಯಲಾಗಲು ಐದು ತಿಂಗಳು ಬೇಕಾಯಿತು. ಬ್ಯಾಂಕಿನ ಸ್ಥಿತಿ ಹೀಗಿರುವಾಗ ನಿಮ್ಮ ಡಿವಿಆರ್ ಎಲ್ಲಿದೆ ನೋಡಿಕೊಳ್ಳಿ. ನಾನು ಕಂಡ ಹೆಚ್ಚಿನ ಅಂಗಡಿಗಳಲ್ಲಿ ಅದು ಗಲ್ಲಾದ ಮೇಲೆ, ಲಕ್ಷ್ಮಿಯ ಪಟದ ಪಕ್ಕದಲ್ಲಿ, ಕಳ್ಳನ ಕೈಗೆ ಎಟಕುವ ಎತ್ತರದಲ್ಲಿರುತ್ತದೆ.

ಜೀನ್ಸ್ ಹೊಲಿಗೆ ಕೆಲಸದವಳು

ನಾನು ಜೀನ್ಸ್ ಘಟಕದಲ್ಲಿ ಕೆಲಸ ಮಾಡುತ್ತೇನೆ; ದಿನವೂ ಆ ರಸ್ತೆಯ ತುದಿ ದಾಟಿಯೇ ಮನೆಗೆ ಹೋಗುವವಳು. ಇಲ್ಲಿಯವರೆಗಿನ ಮಾತೆಲ್ಲ ಕಳವು ಆದ ಮೇಲೆ ಕಳ್ಳನನ್ನು ಹಿಡಿಯುವುದರ ಬಗ್ಗೆ ಇದೆ. ಹಬ್ಬದ ಮುಂಚೆ ಆರ್ಡರ್ ಹೆಚ್ಚಿರುವಾಗ ನಮ್ಮ ಕೆಲಸ ರಾತ್ರಿಯವರೆಗೂ ನಡೆಯುತ್ತದೆ. ಆ ಹೊತ್ತಿನಲ್ಲಿ ನನ್ನ ಚಿತ್ರ ಎಲ್ಲೋ ಒಂದು ಡಿಸ್ಕಿನಲ್ಲಿ ಉಳಿಯುತ್ತದೆ ಎಂಬುದರಿಂದ ನನಗೆ ಧೈರ್ಯ ಬರುವುದಿಲ್ಲ. ತೆರೆದಿರುವ ಒಂದು ಔಷಧದ ಅಂಗಡಿ, ಇಡ್ಲಿ ಬಂಡಿ, ಹಚ್ಚಿಟ್ಟ ಒಂದು ಬೋರ್ಡಿನ ದೀಪ ಕಂಡರೆ ಬರುತ್ತದೆ.

ನಮ್ಮ ಘಟಕದ ಮಾಲೀಕರು ಒಂದು ವರ್ಷ ಹೊರಗಿನ ದೀಪ ಹಾಕದೆ ಇದ್ದರು, ಕರೆಂಟ್ ಬಿಲ್ಲಿನ ಕಾರಣಕ್ಕೆ. ನಾವು ಎಂಟು ಮಂದಿ ಕೂಡಿ ಕೇಳಿದ ಮೇಲೆ ಒಂದು ಎಲ್‌ಇಡಿ ದೀಪ ಹಾಕಿಸಿದರು. ಮೂಲೆಯಲ್ಲಿ ಕುಳಿತು ಕುಡಿಯುತ್ತಿದ್ದವರು ಒಂದೇ ವಾರದಲ್ಲಿ ಬೇರೆ ಮೂಲೆ ಹುಡುಕಿಕೊಂಡರು. ಬೇರೆ ಮೂಲೆಯಲ್ಲಿ ಯಾರ ಮನೆಯಿದೆಯೋ ಅವರಿಗೆ ಈಗ ನಮ್ಮ ಕಷ್ಟ ಬಂದಿದೆ, ಅದೂ ಗೊತ್ತು.

ವಕೀಲೆ, ರಾಯಚೂರು

ಮೂಲ ಪ್ರಶ್ನೆಗೆ ಉತ್ತರಿಸುವ ಮೊದಲು ಒಂದು ಗಡಿಯನ್ನು ಗುರುತಿಸೋಣ. ನೋಡುವುದು, ಬೆಳಕು ಕೊಡುವುದು, ತಿಳಿಸುವುದು, ಸಾಕ್ಷ್ಯವನ್ನು ಕೆಡದಂತೆ ಕಾಯುವುದು ಖಾಸಗಿಯವರು ಮಾಡಬಹುದಾದ ಕೆಲಸ. ತಡೆದು ವಿಚಾರಿಸುವುದು, ಶೋಧಿಸುವುದು, ಶಿಕ್ಷಿಸುವುದು ಅವರ ಕೆಲಸವಲ್ಲ. ಕಣ್ಣೆದುರೇ ಜಾಮೀನುರಹಿತ ಸಂಜ್ಞೇಯ (ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ) ಅಪರಾಧ ನಡೆದಾಗ ಸಾಮಾನ್ಯ ವ್ಯಕ್ತಿಯೂ ಆರೋಪಿಯನ್ನು ಹಿಡಿಯಬಹುದು ಎಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಕಲಂ ಹೇಳುತ್ತದೆ. ಆದರೆ ಅನಗತ್ಯವಾಗಿ ತಡಮಾಡದೆ, ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕೆಂದೂ ಹೇಳುತ್ತದೆ. ಚೀಲ ಕಿತ್ತುಕೊಂಡು ಓಡುವುದು ಈಗ ಭಾರತೀಯ ನ್ಯಾಯ ಸಂಹಿತೆಯ 304ನೇ ಕಲಮಿನಡಿ ಪ್ರತ್ಯೇಕ ಅಪರಾಧವಾಗಿರುವುದರಿಂದ ನಿಮ್ಮ ಕಾವಲುಗಾರ ಅಂಥವನನ್ನು ಹಿಡಿದು ಕೂರಿಸಬಹುದು. ಗೋದಾಮಿನ ಕಂಬಕ್ಕೆ ಕಟ್ಟಿ ಹೊಡೆದು ವಿಡಿಯೋ ಮಾಡಿದರೆ ಆರೋಪಿಗಳ ಪಟ್ಟಿಯಲ್ಲಿ ಅಂಗಡಿಯವರ ಹೆಸರೂ ಸೇರುತ್ತದೆ. ಇಂಥದ್ದೊಂದು ಪ್ರಕರಣದಲ್ಲಿ ನಾನು ವ್ಯಾಪಾರಿಯ ಪರವಾಗಿ ನಿಂತಿದ್ದೇನೆ. ಕಳವಾದ ಮಾಲಿನ ಬೆಲೆ ಮೂರು ಸಾವಿರ ರೂಪಾಯಿ, ಅವರು ನ್ಯಾಯಾಲಯಕ್ಕೆ ಅಲೆದದ್ದು ನಾಲ್ಕು ವರ್ಷ.

ಕಾವಲುಗಾರರ ವಿಚಾರ. ಸಂಸ್ಥೆಯ ಮೂಲಕ ನೇಮಿಸುವುದಾದರೆ 2005ರ ಖಾಸಗಿ ಭದ್ರತಾ ಸಂಸ್ಥೆಗಳ ನಿಯಂತ್ರಣ ಕಾಯ್ದೆಯಡಿ ಆ ಸಂಸ್ಥೆಗೆ ಪರವಾನಗಿ ಇದೆಯೇ ಎಂದು ಮೊದಲು ನೋಡಿ. ಕೇಂದ್ರದ ಮಾದರಿ ನಿಯಮಗಳ ಪ್ರಕಾರ ಕಾವಲುಗಾರನಿಗೆ 100 ಗಂಟೆ ತರಗತಿ, 60 ಗಂಟೆ ಕ್ಷೇತ್ರ ತರಬೇತಿ ಆಗಿರಬೇಕು. ಎಟಿಎಂ ಎದುರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತ ಅರವತ್ತು ದಾಟಿದ ಹಿರಿಯರಿಗೆ ಇಷ್ಟು ತರಬೇತಿ ಆಗಿದೆ ಎಂದು ನಂಬುವವರು ಇದ್ದರೆ ನಂಬಲಿ. ಸಮವಸ್ತ್ರ ಪೊಲೀಸರದ್ದನ್ನು ಹೋಲುವಂತಿರುವುದೂ ಅದೇ ಕಾಯ್ದೆಯಡಿ ಅಪರಾಧ. ಹನ್ನೆರಡು ಗಂಟೆ ನಿಲ್ಲಿಸಿ, ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು, ಭವಿಷ್ಯ ನಿಧಿಯನ್ನೂ ಕಟ್ಟದ ಸಂಸ್ಥೆಯಿಂದ ಕಾವಲು ಕೊಳ್ಳುವವರು ಕಾವಲುಗಾರನ ನಿದ್ದೆಯ ಬಗ್ಗೆ ದೂರುವ ಹಕ್ಕನ್ನು ಕಳೆದುಕೊಂಡಿರುತ್ತಾರೆ.

ಇನ್ನು ದೃಶ್ಯ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ವಿದ್ಯುನ್ಮಾನ ದಾಖಲೆಯ ಪ್ರತಿಯ ಜತೆಗೆ ಪ್ರಮಾಣಪತ್ರ ಬೇಕು. ಅದರ ಒಂದು ಭಾಗಕ್ಕೆ ಸಾಧನದ ಹೊಣೆ ಹೊತ್ತವರು, ಇನ್ನೊಂದಕ್ಕೆ ತಜ್ಞರು ಸಹಿ ಹಾಕಬೇಕು. ಫೈಲು ಬದಲಾಗಿಲ್ಲ ಎಂದು ತೋರಿಸುವ ಬೆರಳಚ್ಚಿನಂಥ ಸಂಕೇತವಾದ ಹ್ಯಾಶ್ ಮೌಲ್ಯವನ್ನೂ ನಮೂದಿಸಬೇಕು. ಸಾಧನ ಸರಿಯಾಗಿ ಕೆಲಸ ಮಾಡುತ್ತಿತ್ತು ಎಂದು ಬರೆದುಕೊಡುವವರು ನೀವು. ಗಡಿಯಾರ ನಲವತ್ಮೂರು ನಿಮಿಷ ಹಿಂದಿದ್ದರೆ ಪಾಟೀಸವಾಲಿನಲ್ಲಿ ಎದುರು ವಕೀಲರು ಮೊದಲು ಕೇಳುವುದು ಅದನ್ನೇ. ಮೊಬೈಲಿನಲ್ಲಿ ಪರದೆಯನ್ನು ಚಿತ್ರೀಕರಿಸಿ ವಾಟ್ಸಾಪಿನಲ್ಲಿ ಠಾಣೆಗೆ ಕಳಿಸಿದ್ದು ತನಿಖೆಯ ಸುಳಿವಿಗೆ ಆದೀತು, ಸಾಕ್ಷ್ಯಕ್ಕೆ ಆಗದು.

ಅದೇ ದೃಶ್ಯವನ್ನು ಬಡಾವಣೆಯ ಗುಂಪುಗಳಿಗೆ ಹರಿಯಬಿಡುವುದು ಬೇರೆಯೇ ಅಪಾಯ. 2025ರ ಫೆಬ್ರವರಿಯಲ್ಲಿ ಗುಜರಾತಿನ ರಾಜಕೋಟ್‌ನ ಹೆರಿಗೆ ಆಸ್ಪತ್ರೆಯೊಂದರ ಕ್ಯಾಮೆರಾ ದೃಶ್ಯಗಳು ಅಂತರ್ಜಾಲದಲ್ಲಿ ಮಾರಾಟವಾಗುತ್ತಿರುವುದು ಬೆಳಕಿಗೆ ಬಂತು. ಪಾಸ್‌ವರ್ಡ್ 'ಅಡ್ಮಿನ್123' ಆಗಿತ್ತು. ಬಟ್ಟೆ ಅಂಗಡಿಯವರು ತಮ್ಮ ಉಡುಪು ಬದಲಿಸುವ ಕೋಣೆಯ ಬಾಗಿಲು ಯಾವ ಕ್ಯಾಮೆರಾದ ದಿಕ್ಕಿನಲ್ಲಿದೆ ಎಂದು ಇಂದೇ ಎದ್ದು ನೋಡುವುದು ಒಳ್ಳೆಯದು.

ಸಂಡೂರಿನವನು

ಖಾಸಗಿಯವರ ಪಾಲು ಎಂದೊಡನೆ ಈ ಜಿಲ್ಲೆಯಲ್ಲಿ ನನಗೆ ಮೈ ಜುಮ್ಮೆನ್ನುತ್ತದೆ. ಗಣಿ ಉಬ್ಬರದ ವರ್ಷಗಳಲ್ಲಿ ನಮ್ಮೂರ ದಾರಿಗೆ ಗೇಟು ಹಾಕಿ, ಎಲ್ಲಿಗೆ ಹೋಗುತ್ತೀ ಎಂದು ನಮ್ಮನ್ನೇ ಕೇಳುತ್ತಿದ್ದ ಕಾವಲುಗಾರರನ್ನು ಕಂಡವನು ನಾನು. ಅವರೂ ಭದ್ರತೆಯ ಹೆಸರಿನಲ್ಲೇ ನಿಂತಿದ್ದರು. 2011ರ ಜುಲೈಯಲ್ಲಿ ಲೋಕಾಯುಕ್ತ ವರದಿ ಬಂದು, ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸುವವರೆಗೆ ಬೇಲಿಯೇ ಎದ್ದು ಹೊಲ ಮೇಯುವುದನ್ನು ನೋಡಿದ್ದೇವೆ. ಹಣ ಹಾಕಿದವನು ಭದ್ರತೆಯ ದಿಕ್ಕನ್ನೂ ನಿರ್ಧರಿಸುತ್ತಾನೆ. ಬೆಂಗಳೂರು ರಸ್ತೆಯ ಕಾವಲುಗಾರ ನಾಳೆ ಪಾದಚಾರಿ ಮಾರ್ಗದ ಬಳೆ ಗಾಡಿಯವಳನ್ನು ಎಬ್ಬಿಸುವುದಿಲ್ಲ ಎಂದು ಯಾರು ಭರವಸೆ ಕೊಡುತ್ತಾರೆ?

ಬಟ್ಟೆ ವ್ಯಾಪಾರಿ, ಬೆಂಗಳೂರು ರಸ್ತೆ

ಸಂಡೂರಿನವರ ಪ್ರಶ್ನೆ ಚುಚ್ಚಿತು, ಏಕೆಂದರೆ ಮೊದಲ ಸಭೆಯಲ್ಲಿ ಒಬ್ಬರು ಅದನ್ನೇ ಲಾಭವೆಂದು ಹೇಳಿದ್ದರು. ಬಳೆ ಗಾಡಿಯವರನ್ನೂ ಮುಂದಿನ ಸಭೆಗೆ ಕರೆಯುತ್ತೇನೆ. ಬೀದಿಯಲ್ಲಿ ದಿನವಿಡೀ ಮುಖ ಹೊರಗೆ ಮಾಡಿ ಕುಳಿತಿರುವವರು ಅವರೇ. ನಾವು ಒಳಗೆ ಫ್ಯಾನಿನ ಕೆಳಗಿರುತ್ತೇವೆ. ಬೈಕು ಯಾವ ತಿರುವಿನಲ್ಲಿ ಹೋಯಿತೆಂದು ಅಂದು ಪೊಲೀಸರಿಗೆ ಸರಿಯಾಗಿ ಹೇಳಿದ್ದೂ ಬಳೆ ಗಾಡಿಯಾಕೆಯೇ.

ಹೋಂಸ್ಟೇ ನಡೆಸುವವರು, ಗಂಗಾವತಿ ತಾಲ್ಲೂಕು

ನಮ್ಮ ಕಡೆಯ ಮಾತನ್ನೂ ಸೇರಿಸುತ್ತೇನೆ. 2025ರ ಮಾರ್ಚ್ 6ರ ರಾತ್ರಿ ಸಣಾಪುರದ ಬಳಿ ತುಂಗಭದ್ರಾ ಎಡದಂಡೆ ಕಾಲುವೆಯ ಪಕ್ಕ ನಕ್ಷತ್ರ ನೋಡಲು ಕುಳಿತಿದ್ದ ಪ್ರವಾಸಿಗರ ಮೇಲೆ, ಅವರನ್ನು ಕರೆದೊಯ್ದಿದ್ದ ಹೋಂಸ್ಟೇ ಒಡತಿಯ ಮೇಲೆ ನಡೆದ ದೌರ್ಜನ್ಯ ಎಲ್ಲರಿಗೂ ಗೊತ್ತು. ಕಾಲುವೆಗೆ ತಳ್ಳಲ್ಪಟ್ಟ ಒಡಿಶಾದ ಯುವಕ ಬದುಕುಳಿಯಲಿಲ್ಲ. ದಾಳಿ ಮಾಡಿದವರು ಮೊದಲು ಪೆಟ್ರೋಲಿಗೆಂದು ಹಣ ಕೇಳಿದ್ದರು. ಅಂಥ ಮಾತಿನೊಂದಿಗೆ ಶುರುವಾಗುವ ಕಿರಿಕಿರಿ ನಮ್ಮ ಊರುಗಳಲ್ಲಿ ಹೊಸದೇನೂ ಆಗಿರಲಿಲ್ಲ, ನಾವು ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ ಅಷ್ಟೇ.

ಏಕೆ ಹೇಳಲಿಲ್ಲ ಎಂಬುದೇ ಈ ಚರ್ಚೆಗೆ ಮುಖ್ಯ. 2020ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನಂತೆ ಹಂಪಿ ಬಳಿಯ ವಿರೂಪಾಪುರ ಗಡ್ಡೆಯ ರೆಸಾರ್ಟ್‌ಗಳು ನೆಲಸಮವಾದ ಮೇಲೆ ವ್ಯವಹಾರ ಸಣಾಪುರ, ಆನೆಗುಂದಿ ಕಡೆಗೆ ಹರಡಿತು. ಗದ್ದೆ ಬದುವಿನ ಪಕ್ಕ ಕೋಣೆಗಳು ಎದ್ದವು, ದಾರಿದೀಪ ಮಾತ್ರ ಅವುಗಳ ಹಿಂದೆ ಬರಲಿಲ್ಲ. ಪರವಾನಗಿ ಇಲ್ಲದೆ ಕೋಣೆ ಬಾಡಿಗೆಗೆ ಕೊಟ್ಟವನು ಅತಿಥಿಗೆ ಯಾರೋ ಕಾಟ ಕೊಟ್ಟರೆ 112ಕ್ಕೆ ಕರೆ ಮಾಡುವುದಿಲ್ಲ. ಪೊಲೀಸರು ಬಂದರೆ ಮೊದಲು ತನ್ನ ಕಾಗದವನ್ನೇ ಕೇಳುತ್ತಾರೆ ಎಂಬ ಭಯ. ಹಾಗೆ ನುಂಗಿಕೊಂಡ ಸಣ್ಣ ದೂರುಗಳು ಯಾವ ದಾಖಲೆಗೂ ಬರುವುದಿಲ್ಲ. ವಿದೇಶಿ ಅತಿಥಿ ಬಂದ 24 ಗಂಟೆಯೊಳಗೆ ಅವರ ವಿವರದ ಫಾರಂ ತುಂಬಿ ಕಳಿಸಬೇಕೆಂಬ ನಿಯಮವನ್ನು ಕಿರಿಕಿರಿ ಎಂದುಕೊಂಡವರಲ್ಲಿ ನಾನೂ ಒಬ್ಬ. ಆದರೆ ಯಾರು, ಎಲ್ಲಿ ತಂಗಿದ್ದಾರೆ ಎಂದು ಇಲಾಖೆಗೆ ಗೊತ್ತಿಲ್ಲದ ಊರಿನಲ್ಲಿ ಗಸ್ತು ಎಲ್ಲಿಗೆಂದು ಬರಬೇಕು? ಈಗ ನಾನು ಕತ್ತಲಾದ ಮೇಲೆ ಅತಿಥಿಗಳನ್ನು ಕಾಲುವೆ ದಡಕ್ಕೆ ಬಿಡುವುದಿಲ್ಲ, ನಮ್ಮ ಮಾಳಿಗೆಯ ಮೇಲಿಂದಲೇ ನಕ್ಷತ್ರ ತೋರಿಸುತ್ತೇನೆ. ಅದೇ ಆಕಾಶವಾದರೂ ಕಾಲುವೆಯ ದಡದ ಮಾತೇ ಬೇರೆ ಎಂದು ಹಿಂದೊಮ್ಮೆ ಬಂದಿದ್ದ ಅತಿಥಿಗಳು ಹೇಳುತ್ತಾರೆ, ನಿಜವೇ.

ಗಂಜಿನ ದಲಾಲಿ ಅಂಗಡಿ, ರಾಯಚೂರು

ರಾಜೇಂದ್ರ ಗಂಜಿನಲ್ಲಿ ಹತ್ತಿಯ ಹಂಗಾಮಿನಲ್ಲಿ ರೈತ ಲೆಕ್ಕಪಟ್ಟಿ ಪಡೆದು, ನೋಟಿನ ಕಟ್ಟನ್ನು ಧೋತರದ ಮಡಿಕೆಗೆ ಸೇರಿಸಿ ಬಸ್ ನಿಲ್ದಾಣಕ್ಕೆ ನಡೆಯುವುದನ್ನು ನನ್ನ ತಂದೆಯ ಕಾಲದಿಂದ ನೋಡಿದ್ದೇವೆ. ಅವನ ಹಿಂದೆ ಯಾರು ನಡೆಯುತ್ತಿದ್ದಾರೆಂದು ನೋಡಲು ನಾವು ಅಂಗಡಿಯ ಹುಡುಗನನ್ನು ಜತೆಗೆ ಕಳಿಸುತ್ತಿದ್ದೆವು. ಈಗ ಹಣ ಖಾತೆಗೆ ಹೋಗುತ್ತದೆ, ಹುಡುಗನನ್ನು ಕಳಿಸುವ ಪ್ರಸಂಗ ವರ್ಷಕ್ಕೆ ನಾಲ್ಕೈದು ಬಾರಿ ಬಂದರೆ ಹೆಚ್ಚು. ಕ್ಯಾಮೆರಾ, ಕಾವಲುಗಾರ ಎರಡಕ್ಕಿಂತಲೂ ನಮ್ಮ ಬೀದಿಯನ್ನು ಕಾಯ್ದದ್ದು ಈ ಬದಲಾವಣೆ ಎಂದೇ ನನ್ನ ಎಣಿಕೆ. ನಗದು ಎಲ್ಲಿದೆಯೋ ಅಲ್ಲಿಗೆ ಅಪಾಯ ಹೋಗುತ್ತದೆ: 2025ರ ಜನವರಿ 16ರಂದು ಬೀದರಿನಲ್ಲಿ ಎಟಿಎಂಗೆ ತುಂಬಲು ತಂದ ಹಣದ ಪೆಟ್ಟಿಗೆಯನ್ನು ಹಾಡಹಗಲೇ ಗುಂಡು ಹಾರಿಸಿ ಬೈಕಿನಲ್ಲಿ ಹೊತ್ತೊಯ್ದರು, ಸಿಬ್ಬಂದಿಯೊಬ್ಬರು ಸತ್ತರು. ಸೀರೆ ಕೊಳ್ಳಲು ಬಂದ ಆ ತಾಯಿ ನಗದನ್ನೇ ಏಕೆ ತಂದರು ಎಂದು ಕೇಳುವುದು ಸುಲಭ. ಯುಪಿಐ ಬಳಸಲು ಬಾರದವರಿಗೆ ನಿಮ್ಮ ಅಂಗಡಿಗಳು ಚೆಕ್ಕನ್ನೋ, ಬ್ಯಾಂಕ್ ವರ್ಗಾವಣೆಯನ್ನೋ ಒಪ್ಪುತ್ತವೆಯೇ?

ಬಟ್ಟೆ ವ್ಯಾಪಾರಿ, ಬೆಂಗಳೂರು ರಸ್ತೆ

ಪ್ರಾಮಾಣಿಕವಾಗಿ ಹೇಳುವುದಾದರೆ, ಚೆಕ್ ಒಪ್ಪುವುದಿಲ್ಲ. ನಗದು ಕೊಟ್ಟರೆ ಬೆಲೆ ಇಳಿಸುವವರೂ ನಾವೇ.

ಭಾನುವಾರ ಸಭೆ ನಡೆಯಿತು. ಕಾವಲುಗಾರರ ವಿಷಯವನ್ನು ಸದ್ಯಕ್ಕೆ ಕೈಬಿಟ್ಟಿದ್ದೇವೆ. ಕಾನೂನಿನಂತೆ ವೇತನ ಕೊಟ್ಟು ಇಬ್ಬರನ್ನು ಇಡುವ ಶಕ್ತಿ ಹದಿನಾಲ್ಕು ಅಂಗಡಿಗಳಿಗಿಲ್ಲ, ಕಡಿಮೆ ಕೊಟ್ಟು ಇಡುವುದು ಬೇಡವೆಂದು ಹೆಚ್ಚಿನವರು ಒಪ್ಪಿದರು. ಗೂರ್ಖಾ ಮುಂದುವರಿಯುತ್ತಾನೆ, ಅವನಿಗೆ ಟಾರ್ಚು ಮತ್ತು ಎಲ್ಲರ ಫೋನ್ ನಂಬರಿನ ಚೀಟಿ ಕೊಟ್ಟಿದ್ದೇವೆ. ಬೀದಿಗೆ ಮುಖ ಮಾಡಿದ ಎಂಟು ಕ್ಯಾಮೆರಾ, 6 ಟಿಬಿ ಡಿಸ್ಕ್, ಡಿವಿಆರ್ ಒಂದು ಅಂಗಡಿಯ ಮಹಡಿಯಲ್ಲಿ ಬೀಗ ಹಾಕಿದ ಪೆಟ್ಟಿಗೆಯಲ್ಲಿ. ಯಾರು, ಯಾವಾಗ, ಯಾವ ಕಾರಣಕ್ಕೆ ಪ್ರತಿ ಪಡೆದರು ಎಂದು ಬರೆಯಲು ಒಂದು ಪುಸ್ತಕ ಇಟ್ಟಿದ್ದೇವೆ. ಪೊಲೀಸರಾದರೂ ಸಹಿ ಹಾಕಿಯೇ ಒಯ್ಯಬೇಕು. ಪ್ರಮಾಣಪತ್ರಕ್ಕೆ ಸಹಿ ಹಾಕುವ ಹೊಣೆ ಈ ವರ್ಷ ನನ್ನದು.

ಹತ್ತು ನಿಮಿಷದ ಕೆಲಸಕ್ಕೆ ದಿನ ಗೊತ್ತುಮಾಡುವುದೇ ಕಷ್ಟವಾಯಿತು. ಕೊನೆಗೆ, ಪ್ರತಿ ಅಮಾವಾಸ್ಯೆ ಬಾಗಿಲಿಗೆ ಕುಂಬಳಕಾಯಿ ಕಟ್ಟಲು ಹೇಗೂ ಏಣಿ ಹತ್ತುತ್ತೇವೆ, ಅದೇ ಏಣಿಯಲ್ಲಿ ನಿಂತು ಲೆನ್ಸ್ ಒರೆಸಿ ಗಡಿಯಾರ ನೋಡೋಣ ಎಂದು ಒಬ್ಬ ಹಿರಿಯರು ಸೂಚಿಸಿದರು. ತೆರಿಗೆಯ ಪ್ರಶ್ನೆ ಎತ್ತಿದ್ದವರೂ ಅವರೇ. ಬೋರ್ಡಿನ ದೀಪಗಳನ್ನು ಅಂಗಡಿ ಮುಚ್ಚಿದ ಮೇಲೂ ರಾತ್ರಿ ಹತ್ತೂವರೆಯವರೆಗೆ ಉರಿಸಲು ಹನ್ನೆರಡು ಮಂದಿ ಒಪ್ಪಿದ್ದಾರೆ.

ಜೀನ್ಸ್ ಹೊಲಿಗೆ ಕೆಲಸದವಳು

ದೀಪದ ವಿಷಯ ಓದಿ ಸಂತೋಷವಾಯಿತು. ಆರ್ಡರ್ ಇರುವ ದಿನಗಳಲ್ಲಿ ನಮಗೆ ಕೆಲಸ ಬಿಡುವುದು ಹತ್ತು ಮುಕ್ಕಾಲಿಗೆ. ಇನ್ನು ಅರ್ಧ ಗಂಟೆ ಹೆಚ್ಚು ಉರಿಸಿದರೆ ಬಿಲ್ಲಿಗೆ ಎಷ್ಟು ಸೇರುತ್ತದೆಂದು ಯಾರಾದರೂ ಲೆಕ್ಕ ಹಾಕಿ ಹೇಳುತ್ತೀರಾ?

ಕ್ಯಾಮೆರಾ ಅಳವಡಿಸುವವನು, ಗಾಂಧಿನಗರ

ನಲವತ್ತು ವಾಟ್‌ನ ಎಲ್‌ಇಡಿ ಬೋರ್ಡಾದರೆ ಅರ್ಧ ಗಂಟೆಯಂತೆ ತಿಂಗಳಿಗೆ 0.6 ಯೂನಿಟ್. ಅಂದರೆ ಅಂಗಡಿಗೆ ಒಂದು ಚಹಾದ ದುಡ್ಡೂ ಇಲ್ಲ. ಒಪ್ಪದ ಇಬ್ಬರೂ ನನ್ನ ಗ್ರಾಹಕರೇ, ನಾಳೆ ಆ ಕಡೆ ಹೋದಾಗ ಕೇಳಿ ಬರುತ್ತೇನೆ.